ರೇಂಜ್‌ಫೈಂಡರ್ ಇದೆ, ನೋಡೋದೇ ಅಪರೂಪ: ಪುಟ್ಟ 28 ಎಂಎಂ ಜೊತೆ ನನ್ನ ಅನುಭವ

ನನ್ನದು ರೇಂಜ್‌ಫೈಂಡರ್ ಕ್ಯಾಮೆರಾ. ವ್ಯೂಫೈಂಡರ್ ನಡುವೆ ಒಂದು ಚಿಕ್ಕ ಹೊಳೆಯುವ ಚೌಕ. ಅದರೊಳಗೆ ಎಲ್ಲವೂ ಎರಡೆರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತಾ ಹೋದರೆ ಎರಡೂ ಬಿಂಬ ಸರಿದು ಒಂದರ ಮೇಲೊಂದು ಕೂರುತ್ತವೆ. ಕೂತರೆ ಫೋಕಸ್ ಆಯಿತು ಅಂತ ಅರ್ಥ. ಈ ಚೌಕದ ಆಸೆಗೇ ನಾನು ಈ ಕ್ಯಾಮೆರಾ ಕೊಂಡಿದ್ದು. ಈಗ ನೋಡಿದರೆ ಹತ್ತು ಫೋಟೊದಲ್ಲಿ ಎಂಟಕ್ಕೆ ಅದರ ಕಡೆ ಕಣ್ಣೇ ಹಾಯಿಸುವುದಿಲ್ಲ. ಹೀಗೆ ಮಾಡಿದ್ದು ನನ್ನ ಮುಷ್ಟಿಯಲ್ಲಿ ಅಡಗುವ ಒಂದು ಪುಟ್ಟ 28 ಎಂಎಂ, ಅಂದರೆ ಅಗಲ ನೋಟದ, ಲೆನ್ಸ್.

ಅದಕ್ಕೆ ಮೊದಲು ಇದ್ದದ್ದು ದೊಡ್ಡದೊಂದು 35 ಎಂಎಂ, ಎಫ್/1.2 (ಈ ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಹೆಚ್ಚು). ಕತ್ತಲಲ್ಲೂ ಫೋಟೊ ತೆಗೆಯಬಹುದು ಅನ್ನೋ ಹುಚ್ಚು. ತೂಕ ಹೆಚ್ಚುಕಮ್ಮಿ ಕ್ಯಾಮೆರಾದಷ್ಟೇ. ಕುತ್ತಿಗೆಗೆ ಹಾಕಿಕೊಂಡರೆ ಮೂತಿ ಕೆಳಗೆ ಮಾಡಿ ಜೋತು ಬೀಳುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ರೇಂಜ್‌ಫೈಂಡರ್‌ನಲ್ಲಿ ನಾವು ನೋಡುವುದು ಲೆನ್ಸ್ ಮೂಲಕ ಅಲ್ಲ, ಪಕ್ಕದ ಕಿಟಕಿಯಿಂದ. ಹಾಗಾಗಿ ಲೆನ್ಸ್ ದಪ್ಪವಾದರೆ ಆ ಕಿಟಕಿಗೇ ಅಡ್ಡ ಬರುತ್ತದೆ. ನನ್ನ 35ಕ್ಕೆ ಹುಡ್ (ಅಡ್ಡ ಬೆಳಕು ತಡೆಯುವ ಮರೆ) ಹಾಕಿದರೆ ಫ್ರೇಮಿನ ಬಲಗಡೆ ಕೆಳಮೂಲೆ ಪೂರ್ತಿ ಕಪ್ಪು. ಆ ಮೂಲೆಯಲ್ಲಿ ಏನಿದೆ ಅಂತ ತಿಳಿಯುತ್ತಿದ್ದದ್ದು ಫಿಲ್ಮ್ ತೊಳೆದ ಮೇಲೆ. ಒಮ್ಮೆ ಮೆಟ್ಟಿಲ ಮೇಲೆ ಓದುತ್ತಾ ಕೂತಿದ್ದ ಹುಡುಗಿಯ ಫೋಟೊ ತೆಗೆದೆ. ಬೆಳಕು ಚೆನ್ನಾಗಿತ್ತು, ಮುಖ ಚೆನ್ನಾಗಿತ್ತು, ಕೆಳಮೂಲೆಯಲ್ಲಿ ಯಾರದೋ ಒಂಟಿ ಪಾದವೂ ಅಷ್ಟೇ ಚೆನ್ನಾಗಿ ಬಂದಿತ್ತು.

ನನ್ನ ಕ್ಯಾಮೆರಾ ಬಾಡಿ ಲೈಕಾ ಎಂ4-ಪಿ, 1980ರ ದಶಕದ್ದು. ಎಂ ಸರಣಿಯಲ್ಲಿ 28ರ ಫ್ರೇಮ್‌ಲೈನ್ (ಫೋಟೊದಲ್ಲಿ ಎಷ್ಟು ಬರುತ್ತದೆ ಅಂತ ಫೈಂಡರಿನಲ್ಲಿ ತೋರಿಸುವ ಗೆರೆ) ಮೊದಲು ಬಂದದ್ದು ಇದರಲ್ಲೇ. ಬೆಳಕು ಅಳೆಯುವ ಮೀಟರ್ ಇಲ್ಲ, ಬ್ಯಾಟರಿಯೂ ಇಲ್ಲ. ನನಗೆ ಸಿಕ್ಕ 28, ಎಫ್/3.5, ಅದಕ್ಕಿಂತ ಹಳೆಯ ಕಾಲದ ಸ್ಕ್ರೂ ಮೌಂಟ್‌ನದು. ಅಂದರೆ 39 ಮಿ.ಮೀ. ತಿರುಪು, ಬಾಟಲಿ ಮುಚ್ಚಳದ ಹಾಗೆ ತಿರುಗಿಸಿ ಕೂರಿಸಬೇಕು. ಎಂ ಬಾಡಿಗೆ ಕೂರಿಸಲು ನಡುವೆ ಒಂದು ಉಂಗುರ ಬೇಕು. ಈ ಉಂಗುರದ ಲೆಕ್ಕ ನನಗೆ ಬಹಳ ಇಷ್ಟ. ಸ್ಕ್ರೂ ಕ್ಯಾಮೆರಾಗಳಲ್ಲಿ ಮೌಂಟ್‌ನಿಂದ ಫಿಲ್ಮ್‌ಗೆ 28.8 ಮಿ.ಮೀ., ಎಂ ಕ್ಯಾಮೆರಾಗಳಲ್ಲಿ 27.8. ವ್ಯತ್ಯಾಸ ಸರಿಯಾಗಿ 1 ಮಿ.ಮೀ., ಉಂಗುರದ ದಪ್ಪವೂ ಅಷ್ಟೇ. 1954ರಲ್ಲಿ ಎಂ ಸರಣಿಯ ಮೊದಲ ಕ್ಯಾಮೆರಾ ಎಂ3 ತಂದವರು ಹಳೇ ಲೆನ್ಸ್ ಇಟ್ಟುಕೊಂಡವರನ್ನು ಕೈಬಿಡಲಿಲ್ಲ. ಅವರ ಆ ಒಂದು ಮಿಲಿಮೀಟರಿನಿಂದ ಇವತ್ತಿಗೂ ನನ್ನ ಕೆಲಸ ನಡೆಯುತ್ತಿದೆ.

ಉಂಗುರದಲ್ಲೂ ನಾನು ಎಡವಿದೆ ಅನ್ನಿ. ಅದು ಮೂರು ಬಗೆಯಲ್ಲಿ ಬರುತ್ತದೆ: 28-90, 35-135, 50-75. ಉಂಗುರದ ಅಂಚಿನ ಉದ್ದ ನೋಡಿಕೊಂಡು ಕ್ಯಾಮೆರಾ ಫೈಂಡರಿನಲ್ಲಿ ಆಯಾ ಗೆರೆಗಳನ್ನು ತೋರಿಸುತ್ತದೆ. ನಾನು ಸುಮ್ನೆ ಕೈಗೆ ಸಿಕ್ಕಿದ್ದನ್ನು ತಂದೆ. ಅದು 50-75. ಲೆನ್ಸ್ 28, ಫೈಂಡರಿನಲ್ಲಿ ಕಾಣುವುದು 50ರ ಚೌಕಟ್ಟು! ಸರಿಯಾದ ಉಂಗುರ ಸಿಗುವವರೆಗೆ ಒಂದು ತಿಂಗಳು ಮುಂದಿನ ಲಿವರನ್ನು ಬೆರಳಲ್ಲಿ ಒತ್ತಿ ಹಿಡಿದು, 28ರ ಗೆರೆ ಬರಿಸಿಕೊಂಡು ಫೋಟೊ ತೆಗೆದೆ. ಸ್ಕ್ರೂ ಲೆನ್ಸ್ ಕೊಳ್ಳುವವರು ಉಂಗುರದ ಮೇಲಿನ ಅಂಕಿ ಓದಿಕೊಂಡೇ ಕೊಳ್ಳಿ.

ಇಷ್ಟು ಚಿಕ್ಕದಾಗಿ ಇರಲು ಇದಕ್ಕೆ ಹೇಗೆ ಸಾಧ್ಯ ಅಂತ ಎಸ್‌ಎಲ್‌ಆರ್ (ಕನ್ನಡಿಯ ನೆರವಿನಿಂದ ಲೆನ್ಸ್ ಮೂಲಕವೇ ನೋಡುವ ಕ್ಯಾಮೆರಾ) ಬಳಸುವ ಗೆಳೆಯರು ಕೇಳುತ್ತಾರೆ. ಅವರ ಕ್ಯಾಮೆರಾದಲ್ಲಿ ಕನ್ನಡಿ ಇದೆ, ಇದರಲ್ಲಿ ಇಲ್ಲ. ವಿಷಯ ಅಷ್ಟೇ. ನಿಕಾನ್ ಎಫ್ ಮೌಂಟ್‌ನಿಂದ ಫಿಲ್ಮ್‌ಗೆ 46.5 ಮಿ.ಮೀ. ದೂರ. ಕನ್ನಡಿ ಮೇಲೇಳಲು ಅಷ್ಟು ಜಾಗ ಬೇಕು. 28 ಎಂಎಂ ಲೆನ್ಸ್ ಫಿಲ್ಮ್‌ಗೆ ಅದಕ್ಕಿಂತ ಹತ್ತಿರ ಕೂರಬೇಕಾದದ್ದು, ಆದರೆ ಕನ್ನಡಿ ಬಿಡುವುದಿಲ್ಲ. ಆದ್ದರಿಂದ ಮುಂದೆ ಬೆಳಕನ್ನು ಹರಡುವ ದೊಡ್ಡ ಗಾಜು ಹಾಕಿ, ಬಿಂಬವನ್ನು ಹಿಂದಕ್ಕೆ ತಳ್ಳಬೇಕಾಗುತ್ತದೆ. ಇದಕ್ಕೆ ರೆಟ್ರೋಫೋಕಸ್ ಅಂತ ಹೆಸರು. 1950ರಲ್ಲಿ ಫ್ರಾನ್ಸಿನ ಆಂಜೆನಿಯೂ ಕಂಪನಿ ಇಂಥ ಲೆನ್ಸ್ ತಂದಿತು. ರೇಂಜ್‌ಫೈಂಡರಿಗೆ ಆ ಕಾಟವೇ ಇಲ್ಲ. ಹಿಂದಿನ ಗಾಜು ಶಟರ್ ಹತ್ತಿರದವರೆಗೂ ಒಳಗೆ ಹೋಗಬಹುದು. ಲುಡ್ವಿಗ್ ಬರ್ಟೆಲೆ ವಿನ್ಯಾಸ ಮಾಡಿದ, 1954ರಲ್ಲಿ ಬಂದ ಝೈಸ್ ಬಯೊಗಾನ್ 21 ಎಂಎಂ ಲೆನ್ಸನ್ನು ಹಿಂದಿನಿಂದ ನೋಡಿದರೆ ಯಾವುದು ಮುಂದೆ, ಯಾವುದು ಹಿಂದೆ ಅಂತ ಒಂದು ಕ್ಷಣ ಗೊಂದಲವಾಗುತ್ತದೆ. ಎರಡು ಕಡೆಯೂ ದಪ್ಪ ಗಾಜು. ಹೀಗೆ ಎರಡೂ ಪಕ್ಕ ಒಂದಕ್ಕೊಂದು ಹೋಲುವುದರಿಂದ ಗೆರೆಗಳೂ ಡೊಂಕಾಗುವುದಿಲ್ಲ. ಗೋಡೆ ಗೋಡೆಯಂತೆಯೇ ಬರುತ್ತದೆ.

ನನ್ನ ಲೆನ್ಸ್ ತೂಕ 160 ಗ್ರಾಂ ಆಸುಪಾಸು. 2006ರ ಲೈಕಾ ಎಲ್ಮರಿಟ್ 28 ಎಂಎಂ 180 ಗ್ರಾಂ. ಇನ್ನೂ ಚಿಕ್ಕದು ಬೇಕು ಅನ್ನುವವರಿಗೆ 1955ರ ಸಮ್ಮರಾನ್ 28 ಎಂಎಂ ಎಫ್/5.6 ಇದೆ. ಲೈಕಾ ಅದನ್ನು 2016ರಲ್ಲಿ ಮತ್ತೆ ತಂದಿತು. ಎಫ್/5.6ರ ಬೆಳಕು ನನಗೆ ತೀರಾ ಕಮ್ಮಿ ಅನ್ನಿಸಿತು, ಬಿಟ್ಟೆ.

ಈಗ ಬೆರಳಿನ ವಿಷಯಕ್ಕೆ ಬರ್ತೀನಿ. ಲೆನ್ಸ್ ಕೆಳಗೆ ಉಗುರಿನಷ್ಟು ಅಗಲದ ಒಂದು ಹಿಡಿ ಇದೆ. ಫೋಕಸ್ ತಿರುಗಿಸಲು ಅದೇ. ಒಂದು ತುದಿಯಲ್ಲಿ ಅನಂತ, ಇನ್ನೊಂದು ತುದಿಯಲ್ಲಿ 0.7 ಮೀಟರ್. ಮೊದಮೊದಲು ಅದನ್ನು ಹಿಡಿದು, ಚೌಕ ನೋಡಿ, ಬಿಂಬ ಕೂರಿಸಿ, ಆಮೇಲೆ ಫ್ರೇಮ್ ನೋಡಿ ಒತ್ತುತ್ತಿದ್ದೆ. ಅಷ್ಟರಲ್ಲಿ ಎದುರಿಗಿದ್ದವರು ಒಂದೋ ಮುಖ ತಿರುಗಿಸಿರುತ್ತಿದ್ದರು, ಇಲ್ಲವೇ ಕ್ಯಾಮೆರಾ ನೋಡಿ ನಗಲು ಶುರು ಮಾಡಿರುತ್ತಿದ್ದರು. ಒಂದು ದಿನ ಗಮನಿಸಿದೆ: ಹಿಡಿ ನೇರ ಕೆಳಕ್ಕೆ ಇದ್ದರೆ ನನ್ನ ಲೆನ್ಸ್‌ನಲ್ಲಿ ದೂರ ಒಂದೂವರೆ ಮೀಟರ್. ಪ್ರತಿ ಸಲವೂ. ಹಾಗಾದರೆ ನೋಡುವುದು ಯಾಕೆ?

ಮನೆಯ ಹಜಾರದ ನೆಲದ ಮೇಲೆ ಬಿಳಿ ಟೇಪ್ ಅಂಟಿಸಿದೆ. ಒಂದು ಕಡೆ ಕುರ್ಚಿ, ಅಲ್ಲಿಂದ 1 ಮೀಟರ್, 1.5, 2, 3. ಗೆರೆ ಮೇಲೆ ನಿಂತು, ಕಣ್ಣು ಮುಚ್ಚಿ, ಹಿಡಿಯನ್ನು ಆ ದೂರಕ್ಕೆ ತಿರುಗಿಸುವುದು. ಕಣ್ಣು ತೆರೆದು ಚೌಕದಲ್ಲಿ ಪರೀಕ್ಷೆ ಮಾಡುವುದು. ಮೊದಲ ದಿನ ಒಂದೂ ಸರಿ ಬರಲಿಲ್ಲ. ಹತ್ತು ಹದಿನೈದು ದಿನ ಬೆಳಿಗ್ಗೆ ಐದೈದು ನಿಮಿಷ ಮಾಡಿದ ಮೇಲೆ ಬೆರಳಿಗೆ ಅಂಕಿ ಗೊತ್ತಾಗತೊಡಗಿತು. ಗೆರೆಗೂ ಕುರ್ಚಿಗೂ ನಡುವಿನ ದೂರ ಕಣ್ಣಿಗೂ ಕೂತಿತು. ದಾರಿಯಲ್ಲಿ ಹೋಗುವಾಗ ಕಂಬ, ಬೆಂಚು, ಬಾಗಿಲು, ಎಲ್ಲಕ್ಕೂ ಮನಸ್ಸಿನಲ್ಲೇ ಮೀಟರ್ ಲೆಕ್ಕ ಹಾಕುವ ಚಟ ಹತ್ತಿತು. ಜೊತೆಗೆ ಬಂದವರಿಗೆ ಬೇಜಾರು.

ಇನ್ನೊಂದು ಸುಲಭದ ಅಳತೆ ಇದೆ, ಇದನ್ನು ಕಂಡುಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಫಿಲ್ಮ್ ಫ್ರೇಮಿನ ಎತ್ತರ 24 ಮಿ.ಮೀ., ಲೆನ್ಸ್ 28. ಹಾಗಾಗಿ ಕ್ಯಾಮೆರಾ ಅಡ್ಡ ಹಿಡಿದಾಗ 2 ಮೀಟರ್ ದೂರದಲ್ಲಿ ಫ್ರೇಮಿನಲ್ಲಿ ಹಿಡಿಸುವ ಎತ್ತರ ಸುಮಾರು 1.7 ಮೀಟರ್. ನಿಂತ ಮನುಷ್ಯ ತಲೆಯಿಂದ ಪಾದದವರೆಗೆ ಅಷ್ಟಕ್ಕಷ್ಟೇ ಹಿಡಿಸಿದರೆ ದೂರ 2 ಮೀಟರ್. ಸೊಂಟದಿಂದ ಮೇಲೆ ಮಾತ್ರ ಹಿಡಿಸಿದರೆ 1 ಮೀಟರ್. ಟೇಪ್ ಬೇಡ, ಚೌಕ ಬೇಡ. ಎದುರಿಗಿರುವ ಮನುಷ್ಯನೇ ಅಳತೆಗೋಲು.

ತಪ್ಪಿದರೂ ಲೆನ್ಸ್ ಮಾಫಿ ಮಾಡುತ್ತದೆ. 28 ಎಂಎಂ, ಎಫ್/8, ಫೋಕಸ್ 2 ಮೀಟರ್‌ಗೆ ಇಟ್ಟರೆ ಸುಮಾರು 1.25 ಮೀಟರ್‌ನಿಂದ 5 ಮೀಟರ್‌ವರೆಗೆ ಎಲ್ಲವೂ ಚೂಪಾಗಿ ಬರುತ್ತದೆ. 3.3 ಮೀಟರ್‌ಗೆ ಇಟ್ಟರೆ 1.6ರಿಂದ ಅನಂತದವರೆಗೆ. ಲೆನ್ಸ್ ಮೇಲೆ ಕೆತ್ತಿದ ಸ್ಕೇಲ್ ಹೇಳುವುದೂ ಹೆಚ್ಚುಕಮ್ಮಿ ಇದನ್ನೇ. ಆದರೆ ಅದನ್ನು ಪೂರ್ತಿ ನಂಬಬೇಡಿ. ಆ ಲೆಕ್ಕ ಚಿಕ್ಕ ಪ್ರಿಂಟ್‌ಗೆ ಸರಿ, ದೊಡ್ಡದು ಮಾಡಿದರೆ ತುದಿಗಳಲ್ಲಿ ಮಂಕು ಕಾಣುತ್ತದೆ. ನಾನು ಎಫ್/8 ಇಟ್ಟು, ಸ್ಕೇಲ್‌ನಲ್ಲಿ 5.6ರ ಗೆರೆ ಓದುತ್ತೇನೆ. ಆಗ 2 ಮೀಟರಿನ ಹರವು 1.4ರಿಂದ 3.5 ಅಂತ ಬರುತ್ತದೆ. ಅದು ಸಾಲದಿದ್ದರೆ ಎಫ್/11.

ಒಂದು ಫೋಟೊ ಬಗ್ಗೆ ಹೇಳ್ತೀನಿ. ಬಸ್ ನಿಲ್ದಾಣದ ಸೂರಿನಡಿ ನಿಂತಿದ್ದೆ, ಆಗಷ್ಟೇ ಮಳೆ ನಿಂತಿತ್ತು. ಫಿಲ್ಮ್ 400, ಮೋಡದ ನೆರಳು. ನನ್ನ ಅಂದಾಜು ಶಟರ್ 1/250 ಸೆಕೆಂಡ್, ಎಫ್/8. ಹಿಡಿ ಒಂದೂವರೆ ಮೀಟರಿಗೆ ಮೊದಲೇ ಇಟ್ಟಿದ್ದೆ. ವಯಸ್ಸಾದವರೊಬ್ಬರು ಕೊಡೆ ಮಡಚಲು ಒದ್ದಾಡುತ್ತಿದ್ದರು. ಒಂದು ಕಡ್ಡಿ ಮುರಿದು ಹೊರಗೆ ಚಾಚಿತ್ತು. ಪಕ್ಕದಲ್ಲಿ ಒಂದು ಮಗು ಆ ಕಡ್ಡಿಯ ತುದಿಯಿಂದ ಬೀಳುವ ಹನಿಗೆ ಅಂಗೈ ಒಡ್ಡಿತ್ತು. ಹನಿ ಬೀಳುತ್ತಿದ್ದ ಹಾಗೇ ಅವರು ಕೊಡೆಯನ್ನು ಜೋರಾಗಿ ಒದರಿದರು. ಮಗು ಕಣ್ಣು ಮುಚ್ಚಿ ಮುಖ ಹಿಂಡಿತು. ನಾನು ಒಂದು ಹೆಜ್ಜೆ ಮುಂದೆ ಇಟ್ಟು ಕ್ಯಾಮೆರಾ ಎತ್ತಿ ಒತ್ತಿ ಇಳಿಸಿದೆ, ಅಷ್ಟೇ. ಫೋಕಸ್ ಅನ್ನುವ ಮಾತೇ ಬರಲಿಲ್ಲ. ನೆಗೆಟಿವ್‌ನಲ್ಲಿ ಮಗುವಿನ ರೆಪ್ಪೆ ಎಣಿಸಬಹುದು, ಹಿಂದೆ ನಿಂತವರ ಮುಖವೂ ಗೊತ್ತಾಗುತ್ತದೆ. ದೊಡ್ಡ 35 ಇದ್ದಿದ್ದರೆ ಕೊಡೆ ಒದರಿ ಮುಗಿದಿರುತ್ತಿತ್ತು, ನಾನು ಇನ್ನೂ ಬಿಂಬ ಕೂರಿಸುತ್ತಿರುತ್ತಿದ್ದೆ. ಆ ಲೆನ್ಸ್ ಎತ್ತಿದರೆ ಎದುರಿಗಿದ್ದವರೂ ಎಚ್ಚೆತ್ತುಕೊಳ್ಳುತ್ತಾರೆ. ಇದನ್ನು ಎತ್ತಿದರೆ ಹಳೇ ಆಟಿಕೆ ಅಂದುಕೊಂಡು ಸುಮ್ಮನಾಗುತ್ತಾರೆ.

ತಾಪತ್ರಯಗಳೂ ಇವೆ. ನಾನು ಕನ್ನಡಕ ಹಾಕುತ್ತೇನೆ. ಈ ಬಾಡಿಯ ಫೈಂಡರ್ ತೋರಿಸುವುದು ನಿಜದ 0.72 ಪಟ್ಟು, 28ರ ಗೆರೆಗಳು ಅದರ ಅಂಚಿಗೇ ಅಂಟಿಕೊಂಡಿವೆ. ಕನ್ನಡಕದಿಂದ ನಾಲ್ಕೂ ಗೆರೆ ಒಟ್ಟಿಗೆ ಕಾಣುವುದಿಲ್ಲ. ಎಡಕ್ಕೆ ಇಣುಕಬೇಕು, ಆಮೇಲೆ ಬಲಕ್ಕೆ. ಮೇಲೆ ಸಿಕ್ಕಿಸುವ ಬೇರೆ ಫೈಂಡರ್ ಹಾಕಿ ನೋಡಿದೆ. ನೋಟ ಚೆನ್ನಾಗಿದೆ, ಆದರೆ ಪುಟ್ಟ ಕ್ಯಾಮೆರಾದ ತಲೆ ಮೇಲೆ ಜುಟ್ಟು ಕಟ್ಟಿದ ಹಾಗೆ. ಜೇಬಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹತ್ತಿರದ ಫೋಟೊದಲ್ಲಿ ಫ್ರೇಮ್ ಮೇಲೆಕೆಳಗೆ ಆಗುವುದೂ ಜಾಸ್ತಿ. ತೆಗೆದಿಟ್ಟೆ. ಈಗ ಫೈಂಡರಿನಲ್ಲಿ ಕಾಣುವುದೆಲ್ಲಾ ಫೋಟೊದಲ್ಲಿ ಬರುತ್ತದೆ ಅಂದುಕೊಂಡು ಒತ್ತುತ್ತೇನೆ. ಸಾಮಾನ್ಯವಾಗಿ ಬರುತ್ತದೆ, ಇನ್ನೂ ಸ್ವಲ್ಪ ಜಾಸ್ತಿಯೇ ಬರುತ್ತದೆ.

ಅಂಚಿನಲ್ಲಿ ಮುಖ ಇಡಬೇಡಿ, ಎಳೆದ ಹಾಗೆ ಅಗಲವಾಗುತ್ತದೆ. ಗುಂಪು ಫೋಟೊದಲ್ಲಿ ತುದಿಗೆ ನಿಂತವರು ನನ್ನ ಮೇಲೆ ಸಿಟ್ಟಾದದ್ದುಂಟು. ಎಫ್/3.5 ಅಂದರೆ ಸಂಜೆ ಮನೆಯೊಳಗೆ ಕಷ್ಟ. 1/15ರಲ್ಲಿ ಗೋಡೆಗೆ ಒರಗಿ, ಉಸಿರು ಬಿಟ್ಟು ಒತ್ತುತ್ತೇನೆ. ಕನ್ನಡಿಯ ಬಡಿತ ಇಲ್ಲದ್ದರಿಂದ ಕೈ ಅಲುಗಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಕೂತವರು ಅಲುಗಿದರೆ ಮಾತ್ರ ಏನೂ ಮಾಡಲಾಗದು.

ಗೆಳೆಯರೊಬ್ಬರು ಇದೇ ಲೆನ್ಸನ್ನು ತಮ್ಮ ಡಿಜಿಟಲ್ ಕ್ಯಾಮೆರಾಗೆ ಹಾಕಿ ನೋಡಿ ವಾಪಸ್ ಕೊಟ್ಟರು. ಮೂಲೆಗಳು ಕತ್ತಲು, ಒಂದು ಪಕ್ಕ ನೇರಳೆ ಛಾಯೆ. ಹಿಂದಿನ ಗಾಜು ಅಷ್ಟು ಹತ್ತಿರ ಇದ್ದರೆ ಬೆಳಕು ಮೂಲೆಗಳಿಗೆ ತೀರಾ ಓರೆಯಾಗಿ ಬೀಳುತ್ತದೆ. ಫಿಲ್ಮ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ, ಸೆನ್ಸರ್ ಮುಂದಿನ ಗಾಜು ಸಹಿಸುವುದಿಲ್ಲ. ಲೈಕಾದವರು ತಮ್ಮ ಡಿಜಿಟಲ್ ಎಂ ಕ್ಯಾಮೆರಾಗಳಲ್ಲಿ ಸೆನ್ಸರ್ ಅಂಚಿನ ಸೂಕ್ಷ್ಮ ಲೆನ್ಸ್‌ಗಳನ್ನು ಪಕ್ಕಕ್ಕೆ ಸರಿಸಿ ಕೂರಿಸಿದ್ದು ಇದಕ್ಕೇ. ಕಪ್ಪುಬಿಳುಪಿನಲ್ಲಿ ಬಣ್ಣದ ತೊಂದರೆ ಇಲ್ಲ. ಮೂಲೆ ಕತ್ತಲು ನನಗಂತೂ ಇಷ್ಟವೇ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಮುಚ್ಚಳ. ಎಸ್‌ಎಲ್‌ಆರ್‌ನಲ್ಲಿ ಮುಚ್ಚಳ ತೆಗೆಯದಿದ್ದರೆ ಫೈಂಡರೇ ಕತ್ತಲು, ಅಲ್ವಾ? ಇಲ್ಲಿ ಪಕ್ಕದ ಕಿಟಕಿಯಿಂದ ಜಗತ್ತು ಝಗಮಗ ಅಂತ ಕಾಣುತ್ತಲೇ ಇರುತ್ತದೆ. ಮೀಟರ್ ಇದ್ದಿದ್ದರೆ ಅದಾದರೂ ಹೇಳುತ್ತಿತ್ತು. ಒಂದು ಬೆಳಿಗ್ಗೆ ಮಂಜಿನಲ್ಲಿ ಹದಿನಾಲ್ಕು ಫೋಟೊ ತೆಗೆದೆ. ಒಂದೊಂದೂ ಅದ್ಭುತ ಅಂದುಕೊಂಡು ಮನೆಗೆ ಬಂದು, ಲೆನ್ಸ್ ಒರೆಸಲು ಬಟ್ಟೆ ತೆಗೆದಾಗ ಕೈಗೆ ಸಿಕ್ಕಿದ್ದು ಮುಚ್ಚಳ. ಅವತ್ತೇ ಅದನ್ನು ಡ್ರಾಯರ್‌ಗೆ ಹಾಕಿ, 39 ಮಿ.ಮೀ. ಫಿಲ್ಟರ್ ತಿರುಗಿಸಿದೆ. ಈಗ ಲೆನ್ಸ್‌ಗೆ ರಕ್ಷಣೆ ಅಂದರೆ ಅದೊಂದೇ.

ಹಜಾರದ ಟೇಪ್‌ಗಳು ಒಂದೊಂದಾಗಿ ಕಿತ್ತುಹೋದವು. ಒಂದೂವರೆ ಮೀಟರಿನದು ಮಾತ್ರ ಅಂಚು ಕಪ್ಪಾಗಿ ಇನ್ನೂ ಅಂಟಿಕೊಂಡಿದೆ. ಕಸ ಗುಡಿಸುವಾಗ ಮನೆಯವರು ಅದನ್ನು ಕೆರೆಯಲು ಹೋಗಿ, ನನ್ನ ಮುಖ ನೋಡಿ ಬಿಟ್ಟುಬಿಡುತ್ತಾರೆ.