ಕಾಗದದ ಲೇಬಲ್ಲಿನಿಂದ ಇ–ಲೇಬಲ್ಲಿಗೆ: ಪೆಟ್ಟಿಗೆಯ ಮೇಲೆ ಏನು ಉಳಿಯಬೇಕು?

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಸಣ್ಣ ಘಟಕಗಳು ಲೇಬಲ್ಲಿನ ವಿವರಗಳನ್ನು ಕ್ಯೂಆರ್ ಕೋಡಿಗೋ ಉಪಕರಣದ ಪರದೆಗೋ ವರ್ಗಾಯಿಸಲು (ಇದೇ ಇ–ಲೇಬಲ್) ಹೊರಟಾಗ, ಕಾನೂನಿನ ಪ್ರಕಾರ ಪೆಟ್ಟಿಗೆಯ ಮೇಲೆಯೇ ಉಳಿಯಬೇಕಾದದ್ದನ್ನು ಮೊದಲು ಪಟ್ಟಿ ಮಾಡಿಕೊಳ್ಳಬೇಕು. ಸಾಫ್ಟ್‌ವೇರ್ ಆಮೇಲಿನ ಮಾತು.

ದೇಶದೊಳಗೆ ಮಾರುವ ಸರಕಿಗೆ ಕಾನೂನು ಮಾಪನಶಾಸ್ತ್ರದ (ತೂಕ ಮತ್ತು ಅಳತೆಯ ಕಾನೂನು) 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಅನ್ವಯಿಸುತ್ತವೆ. 2022ರ ಜುಲೈ ತಿದ್ದುಪಡಿಯು ತಯಾರಕರ ವಿಳಾಸ, ಸರಕಿನ ಸಾಮಾನ್ಯ ಹೆಸರು, ಗಾತ್ರ ಮುಂತಾದವನ್ನು ಕ್ಯೂಆರ್ ಕೋಡ್ ಮೂಲಕ ತಿಳಿಸಲು ಎಲೆಕ್ಟ್ರಾನಿಕ್ ಉತ್ಪನ್ನಗಳಿಗೆ ಒಂದು ವರ್ಷದ ಮಟ್ಟಿಗೆ ಅವಕಾಶ ನೀಡಿತು. ಆದರೆ ಗ್ರಾಹಕ ಸೇವೆಯ ದೂರವಾಣಿ ಸಂಖ್ಯೆ ಮತ್ತು ಇ–ಮೇಲ್ ವಿಳಾಸಕ್ಕೆ ಆ ವಿನಾಯಿತಿ ಇರಲಿಲ್ಲ. ಗರಿಷ್ಠ ಮಾರಾಟ ಬೆಲೆಯೂ ಪೊಟ್ಟಣದ ಮೇಲೆಯೇ ಇರಬೇಕಿತ್ತು. ಇಂತಹ ಸಡಿಲಿಕೆಗಳು ಅವಧಿಗೆ ಒಳಪಟ್ಟಿರುವುದರಿಂದ, ಜಾರಿಯಲ್ಲಿರುವ ಅಧಿಸೂಚನೆಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯ ಕಚೇರಿಯಲ್ಲಿ ಖಚಿತಪಡಿಸಿಕೊಂಡ ನಂತರವೇ ಹೊಸ ವಿನ್ಯಾಸವನ್ನು ಮುದ್ರಣಕ್ಕೆ ಕಳುಹಿಸಬೇಕು.

ಅಮೆರಿಕಕ್ಕೆ ರಫ್ತು ಮಾಡುವವರ ದಾರಿ ಬೇರೆ. ಅಲ್ಲಿನ 2014ರ ಇ–ಲೇಬಲ್ ಕಾಯ್ದೆಯ ನಂತರ, ಸ್ವಂತ ಪರದೆಯುಳ್ಳ ಉಪಕರಣವು ಎಫ್‌ಸಿಸಿ (ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗ) ಗುರುತಿನ ಸಂಖ್ಯೆಯನ್ನು ಪರದೆಯಲ್ಲೇ ತೋರಿಸಬಹುದು. ವಿಶೇಷ ಸಂಕೇತ ಪದವಾಗಲಿ, ಹೆಚ್ಚುವರಿ ಸಾಧನವಾಗಲಿ ಇಲ್ಲದೆ ಮೆನುವಿನಲ್ಲಿ ಮೂರು ಹೆಜ್ಜೆಗಳೊಳಗೆ ಬಳಕೆದಾರನಿಗೆ ಅದು ಸಿಗಬೇಕು: ‘ಸೆಟ್ಟಿಂಗ್ಸ್’, ‘ಅಬೌಟ್’, ‘ರೆಗ್ಯುಲೇಟರಿ’ ಎಂದು ಒತ್ತುವಷ್ಟರಲ್ಲಿ ಲೆಕ್ಕ ಮುಗಿಯಿತು. ಮೂರನೆಯವರು ತಿದ್ದಲಾಗದಂತೆ ಮಾಹಿತಿಯನ್ನು ಭದ್ರಪಡಿಸಿರಬೇಕು. ಆದ್ದರಿಂದ ಪ್ರತಿ ಫರ್ಮ್‌ವೇರ್ (ಉಪಕರಣದೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬಳಿಕ ಆ ಪುಟವನ್ನು ತೆರೆದು ನೋಡುವುದು ಒಳ್ಳೆಯದು. ಇಷ್ಟಾದರೂ ಆಮದು ಮತ್ತು ಮಾರಾಟದ ಹಂತದಲ್ಲಿ ಪೆಟ್ಟಿಗೆಯ ಮೇಲೆ ಅಥವಾ ಕಿತ್ತು ತೆಗೆಯಬಹುದಾದ ಚೀಟಿಯಲ್ಲಿ ಆ ವಿವರ ಇರಲೇಬೇಕು. ಬಂದರಿನ ಅಧಿಕಾರಿ ಪೆಟ್ಟಿಗೆ ಬಿಚ್ಚಿ, ಚಾರ್ಜ್ ಹಾಕಿ, ಮೆನು ಹುಡುಕುತ್ತಾ ಕೂರಲು ಸಾಧ್ಯವೇ?

ಕ್ಯೂಆರ್ ಕೋಡನ್ನು ಉಚಿತ ಜಾಲತಾಣಗಳಲ್ಲಿ ಮಾಡಿಸಿಕೊಳ್ಳುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ, ಏಕೆಂದರೆ ಆ ಸೇವೆ ನಿಂತ ದಿನ ಅಂಗಡಿಯಲ್ಲಿರುವ ಸರಕೆಲ್ಲವೂ ವಿವರವಿಲ್ಲದ ಸರಕಾಗುತ್ತದೆ. ಸಂಸ್ಥೆಯ ಸ್ವಂತ ಜಾಲತಾಣದ ವಿಳಾಸವನ್ನೇ ಬಳಸಬೇಕು. ಕೋಡಿನ ಸುತ್ತ ಅದರೊಳಗಿನ ನಾಲ್ಕು ಪುಟ್ಟ ಚೌಕಗಳಷ್ಟು ಖಾಲಿ ಅಂಚು ಬಿಟ್ಟು, ಹೊಳೆಯುವ ಪ್ಲಾಸ್ಟಿಕ್ ಹೊದಿಕೆಯ ಸಮೇತ ಶಿವರಾಂಪೇಟೆಯ ಅಂಗಡಿಯೊಂದರ ಮಂದ ಬೆಳಕಿನಲ್ಲಿ ಹಳೆಯ ಮೊಬೈಲಿನಿಂದ ಓದಿಸಿ ನೋಡಬೇಕು. ಪ್ರತಿ ಬ್ಯಾಚಿಗೆ ತೋರಿಸಿದ ಪುಟದ ಪ್ರತಿಯನ್ನು ದಿನಾಂಕದೊಂದಿಗೆ ಕಡತದಲ್ಲಿಟ್ಟರೆ, ತಪಾಸಣೆಗೆ ಬಂದವರ ಮುಂದೆ ಅದನ್ನೇ ಇಡಬಹುದು.