ಕುಮಟಾದಿಂದ ಗೋಕರ್ಣಕ್ಕೆ ನಡೆದು ಹೋಗುವವರಿಗೆ ಒಂದಿಷ್ಟು ಸಲಹೆ

ಕಡಲ ದಂಡೆ ಹಿಡಿದು ಗೋಕರ್ಣಕ್ಕೆ ನಡೆಯುವ ಬಗ್ಗೆ ಇಲ್ಲಿ ಕೆಲವರು ಕೇಳಿದ್ದಿರಿ. ದಾವಣಗೆರೆಯಿಂದ ನಾವು 6 ಜನ ಗೆಳೆಯರು ಹೋಗಿ ಬಂದೆವು, ಅದಕ್ಕೇ ಹೇಳುತ್ತಿದ್ದೇನೆ. ಮೊದಲು ಕಾಲು ಪಳಗಿಸಿಕೊಳ್ಳಿ. ಕುಂದವಾಡ ಕೆರೆ ಹತ್ತಿರ ದಿನಾ ವಾಕಿಂಗ್ ಮಾಡ್ತೀನಲ್ಲ, ಸಾಕು ಅಂದುಕೊಂಡಿದ್ದೆ, ಮರಳಲ್ಲಿ ಮೊದಲ ದಿನವೇ ಮೀನಖಂಡ ಹಿಡಿದುಕೊಂಡಿತು. ಹೋಗುವ ಮುಂಚೆ ಎರಡು ಭಾನುವಾರ ಬೆನ್ನಿಗೆ ಅದೇ ಬ್ಯಾಗ್ ಹಾಕಿಕೊಂಡು ಚಿತ್ರದುರ್ಗದ ಕೋಟೆ ಹತ್ತಿ ಇಳಿಯಿರಿ.

ಒಣ ಮರಳಲ್ಲಿ ನಡೆದರೆ ಸುಸ್ತು ಜಾಸ್ತಿ. ನೀರು ಇಳಿದಾಗ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಏರಿದ ನೀರು ಇಳಿಯೋಕೆ ಸುಮಾರು 6 ಗಂಟೆ ಬೇಕು, ಹಾಗಾಗಿ ಹಿಂದಿನ ರಾತ್ರಿಯೇ ಮೊಬೈಲಲ್ಲಿ ಇಳಿತದ ಸಮಯ ನೋಡಿಕೊಂಡು ಬೆಳಗ್ಗೆ ಎಷ್ಟಕ್ಕೆ ಹೊರಡಬೇಕು ಅಂತ ತೀರ್ಮಾನ ಮಾಡಿ. ಅಘನಾಶಿನಿ ಹೊಳೆಯನ್ನು ದೋಣಿಯಲ್ಲೇ ದಾಟಿ ತದಡಿ ಸೇರಬೇಕು. ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಊರವರನ್ನು ಮೊದಲೇ ಕೇಳಿಕೊಳ್ಳಿ. ಆಮೇಲೆ ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಬೀಚ್‌ಗಳು. ನಡುವೆ ಕಲ್ಲುದಾರಿ, ಚಪ್ಪಲಿ ಆಗಲ್ಲ, ಶೂ ಬೇಕು. ಬೊಬ್ಬೆ ಏಳದಿರಲು ಬೆರಳ ಸಂದಿಗೆ ವ್ಯಾಸಲಿನ್ ಹಚ್ಚಿ, ಸಾಕ್ಸ್ ಒದ್ದೆಯಾದ ತಕ್ಷಣ ಬದಲಿಸಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಇನ್ನೊಂದು, ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಜಗಳವೇ ಇರಲ್ಲ. ಖರ್ಚಿನ ದುಡ್ಡು ಒಬ್ಬರ ಕೈಯಲ್ಲೇ ಇರಲಿ.

ಮಂಡಕ್ಕಿ ಒಯ್ಯುವ ಆಸೆ ನಮ್ಮೂರವರಿಗೆ ಇದ್ದೇ ಇರುತ್ತೆ ಅಲ್ವಾ? ಕಡಲ ಗಾಳಿಗೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ಶೇಂಗಾ ಚಿಕ್ಕಿ ಒಯ್ಯಿರಿ.