ಎರಡು ಕೋಟಿಯ ಏವಿಯೇಷನ್ ಡಿಗ್ರಿ ಬಿಟ್ಟು ಪೈಲಟ್ ಆಗಿದ್ದು: ನನ್ನ ಅನುಭವ

ದೊಡ್ಡ ಏವಿಯೇಷನ್ ಯೂನಿವರ್ಸಿಟಿಗೆ ದುಡ್ಡು ಸುರಿಯದೆ ಏರ್‌ಲೈನ್ ಸೇರುವುದಕ್ಕೆ ಆಗಲ್ಲ ಅಂತ ಕೊಡಗಿನಲ್ಲಿ ತುಂಬ ಜನ ಹೇಳಿದ್ದರು. ಈಗಲೂ ಹೇಳುತ್ತಾರೆ. ನಾನು ನಾಪೋಕ್ಲು ಕಡೆಯವಳು, ಈಗ ಏರ್‌ಬಸ್ ಎ320 ವಿಮಾನದಲ್ಲಿ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ನನ್ನ ಡಿಗ್ರಿಗೆ ಆದ ಖರ್ಚು 20 ಸಾವಿರದ ಒಳಗೆ, ಅದೂ ಇಗ್ನೋ ದೂರಶಿಕ್ಷಣದಲ್ಲಿ. ಲೈಸೆನ್ಸ್, ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವುದಕ್ಕೆ ಬೇಕಾದ ತರಬೇತಿ) ಎಲ್ಲ ಸೇರಿ ಸುಮಾರು 65 ಲಕ್ಷ. ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ಮಕ್ಕಳು, ಅವರ ಅಪ್ಪ ಅಮ್ಮಂದಿರು ಹೇಗೆ ಮಾಡಿದಿರಿ ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

2018ರಲ್ಲಿ ನನ್ನ ಪಿಯುಸಿ ಮುಗಿಯಿತು. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಅಮೆರಿಕದ ಒಂದು ಯೂನಿವರ್ಸಿಟಿಯ ಲೆಕ್ಕ ಕೊಟ್ಟರು. ನಾಲ್ಕು ವರ್ಷದ ಬಿಎಸ್ಸಿ, ಫ್ಲೈಯಿಂಗ್ ಫೀಸು ಬೇರೆ, ಊಟ ವಸತಿ ಬೇರೆ. ಎಲ್ಲ ಕೂಡಿಸಿದರೆ 2 ಕೋಟಿ ದಾಟಿತು. ಅಪ್ಪ ಅಲ್ಲೇ ಕೂತು ಕಾಫಿ ಚೀಲದಲ್ಲಿ ಲೆಕ್ಕ ಹಾಕಿದರು. ಆಗ ರೊಬಸ್ಟಾ ಚೆರಿ 50 ಕೆಜಿ ಚೀಲಕ್ಕೆ 3,500ರ ಆಸುಪಾಸು. ನಮ್ಮ ತೋಟದಲ್ಲಿ ಒಳ್ಳೆಯ ವರ್ಷ ಅಂದರೆ 150 ಚೀಲ. ಆಳಿನ ಕೂಲಿ, ಗೊಬ್ಬರ ಏನೂ ಕಳೆಯದೆ ನೋಡಿದರೂ ಮೂವತ್ತೆಂಟು ವರ್ಷದ ಬೆಳೆ. ಕನ್ಸಲ್ಟೆಂಟ್ ತಕ್ಷಣ ಇನ್ನೊಂದು ಬ್ರೋಶರ್ ತೆಗೆದರು: ಬಿಬಿಎ ಏವಿಯೇಷನ್, ಮೂರು ವರ್ಷ, ಸುಮಾರು 10 ಲಕ್ಷ. ಕವರ್ ಮೇಲೆ ಪೈಲಟ್ ಯೂನಿಫಾರ್ಮ್ ಹಾಕಿದ ಹುಡುಗಿ. ಒಳಗೆ ಓದಿದರೆ ಒಂದು ಗಂಟೆಯ ಫ್ಲೈಯಿಂಗ್ ಕೂಡ ಇಲ್ಲ. ಏರ್‌ಪೋರ್ಟ್ ಮ್ಯಾನೇಜ್‌ಮೆಂಟ್, ಕಾರ್ಗೋ, ಟಿಕೆಟಿಂಗ್. ಆ ಕೆಲಸ ಬೇಕು ಅನ್ನುವವರಿಗೆ ಅದು ಸರಿ. ಪೈಲಟ್ ಆಗುತ್ತೇವೆ ಅಂತ ನಂಬಿ ಸೇರಿದ ಮಕ್ಕಳನ್ನು ನಾನು ಕಂಡಿದ್ದೇನೆ. ಅದು ನೋಡುವುದಕ್ಕೆ ತುಂಬ ಸಂಕಟ.

ಮನೆಗೆ ಬಂದು, ಪೈಲಟ್ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎಯ ನಿಯಮ ತೆಗೆದು ಓದಿದೆ. ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, ಬೇಕಾಗಿದ್ದು ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್, ಮೆಡಿಕಲ್ ಟೆಸ್ಟ್, ಡಿಜಿಸಿಎ ಪರೀಕ್ಷೆಯ ಪೇಪರ್‌ಗಳು, ಆರ್‌ಟಿಆರ್ (ವಿಮಾನದ ರೇಡಿಯೋದಲ್ಲಿ ಮಾತಾಡುವುದಕ್ಕೆ ಬೇಕಾದ ಲೈಸೆನ್ಸ್), 200 ಗಂಟೆಯ ಹಾರಾಟ. ಡಿಗ್ರಿ ಎಲ್ಲೂ ಇಲ್ಲ. ಕಾಮರ್ಸ್ ಓದಿದವರು ಕೂಡ ಎನ್‌ಐಒಎಸ್ ಓಪನ್ ಸ್ಕೂಲ್‌ನಲ್ಲಿ ಆ ಎರಡು ಸಬ್ಜೆಕ್ಟ್ ಬರೆದು ಬರಬಹುದು. ಅಮೆರಿಕದಲ್ಲಿ ಮಾತ್ರ ಡಿಗ್ರಿಗೆ ಒಂದು ನಿಜವಾದ ಬೆಲೆ ಇದೆ. ಅಲ್ಲಿ ಏರ್‌ಲೈನ್ ಸೇರುವುದಕ್ಕೆ ಸಾಮಾನ್ಯವಾಗಿ 1,500 ಗಂಟೆ ಬೇಕು. ಮಾನ್ಯತೆ ಇರುವ ಏವಿಯೇಷನ್ ಬ್ಯಾಚುಲರ್ ಡಿಗ್ರಿ ಇದ್ದರೆ 1,000ಕ್ಕೆ ಇಳಿಯುತ್ತದೆ. ಆದರೆ ಅಲ್ಲಿ ಕೆಲಸ ಮಾಡುವ ಹಕ್ಕು ಇದ್ದವರಿಗೆ ತಾನೇ ಅದರ ಲಾಭ? ಡೆಲ್ಟಾದಂಥ ಕಂಪನಿಯೇ 2022ರಲ್ಲಿ ಡಿಗ್ರಿ ಕಡ್ಡಾಯ ಅನ್ನುವುದನ್ನು ಕೈಬಿಟ್ಟಿತು. ಇಲ್ಲಿಂದ ಹೋಗಿ ಡಿಗ್ರಿ ಮತ್ತು ಲೈಸೆನ್ಸ್ ಎರಡೂ ತೆಗೆದುಕೊಂಡು ವಾಪಸ್ ಬಂದವರು ಆ ಲೈಸೆನ್ಸನ್ನು ಭಾರತದ್ದಕ್ಕೆ ಬದಲಿಸಿಕೊಳ್ಳುವ ಕನ್ವರ್ಷನ್‌ಗಾಗಿ ಮತ್ತೆ ಡಿಜಿಸಿಎ ಪೇಪರ್ ಬರೆಯಲೇಬೇಕು. ಬೆಂಗಳೂರಿನ ಎಕ್ಸಾಂ ಸೆಂಟರ್‌ನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಅಂಥವರೊಬ್ಬರು ಕೂತಿದ್ದರು. ಒಂದೂವರೆ ಕೋಟಿ ಖರ್ಚಾಗಿತ್ತಂತೆ. ಇಬ್ಬರೂ ಅದೇ ರೆಗ್ಯುಲೇಷನ್ ಪೇಪರ್ ಬರೆದೆವು.

ಮನೆಯವರ ಅನುಮಾನ ಬೇರೆ ಥರ ಇತ್ತು. ಪುತ್ತರಿ ಹಬ್ಬಕ್ಕೆ ಕುಟುಂಬದ ಮೂಲ ಮನೆ ಐನ್‌ಮನೆಯಲ್ಲಿ ಸೇರಿದಾಗ ಸೈನ್ಯದಿಂದ ರಿಟೈರ್ ಆದ ಬಲ್ಯಪ್ಪ (ಅಪ್ಪನ ಅಣ್ಣ) ಹೇಳಿದರು, "ಕುಂಞಿ, ಹಾರಬೇಕು ಅಂದರೆ ಏರ್‌ಫೋರ್ಸ್‌ಗೆ ಹೋಗು. ದುಡ್ಡು ಕೊಟ್ಟು ಯಾರಾದರೂ ಹಾರುತ್ತಾರಾ?" ನಮ್ಮ ಜಿಲ್ಲೆಯಲ್ಲಿ ಆ ಮಾತಿಗೆ ತೂಕ ಇದೆ. 1965ರ ಯುದ್ಧದಲ್ಲಿ ಮಿಸ್ಟೇರ್ ವಿಮಾನದಲ್ಲಿ ಹೋಗಿ, ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಎದುರಿಸಿ ಪ್ರಾಣ ಕೊಟ್ಟ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರು ಹೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ನನಗೂ ಆಸೆ ಇತ್ತು. ಕನ್ನಡಕದ ಪವರ್ ಬಿಡಲಿಲ್ಲ. ಡಿಜಿಸಿಎ ಮೆಡಿಕಲ್‌ನಲ್ಲಿ ಕನ್ನಡಕ ಹಾಕಿ ದೃಷ್ಟಿ ಸರಿಯಾದರೆ ಸಾಕು. ಮೊದಲ ಹಂತದ ಕ್ಲಾಸ್ 2 ಮೆಡಿಕಲ್ ಆದ ಮೇಲೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಸಿಪಿಎಲ್‌ಗೆ ಬೇಕಾದ ಕ್ಲಾಸ್ 1 ಮಾಡಿಸಿದೆ. ಯಾವ ಸ್ಕೂಲಿಗೂ ಒಂದು ರೂಪಾಯಿ ಕಟ್ಟುವ ಮುಂಚೆ. ಇದು ನನ್ನ ಹಠ. ಅರ್ಧ ಫೀಸು ಕಟ್ಟಿದ ಮೇಲೆ ಮೆಡಿಕಲ್‌ನಲ್ಲಿ ಅನ್‌ಫಿಟ್ ಆದ ಹುಡುಗನ ಮನೆ ನಮ್ಮ ಪಕ್ಕದ ಊರಿನಲ್ಲೇ ಇದೆ.

ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಸರ್ಕಾರದ್ದೇ ಫ್ಲೈಯಿಂಗ್ ಸ್ಕೂಲ್ ಇಗ್ರುವಾ ಇದೆ, 1985ರಿಂದ. ಅದರ ಎಂಟ್ರೆನ್ಸ್ ಬರೆದೆ. ಸೀಟು ಸಿಗಲಿಲ್ಲ. ನೀವು ಬರೆಯಿರಿ, ಬಿಡಬೇಡಿ.

ಪೇಪರ್‌ಗಳನ್ನು ಮನೆಯಲ್ಲೇ ಕೂತು ಓದಿದೆ. ಕೋಚಿಂಗ್‌ನವರು ಹಾಸ್ಟೆಲ್ ಸೇರಿಸಿ 3 ಲಕ್ಷ ಹೇಳಿದ್ದರು. ಅದು ಉಳಿಯಿತು. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ವಾರಗಟ್ಟಲೆ ಬರಲ್ಲ. ಇನ್‌ವರ್ಟರ್ ಬ್ಯಾಟರಿಯಲ್ಲಿ ಲೈಟ್ ಒಂದೇ, ಫ್ಯಾನ್ ಬೇಕಾಗಿಯೂ ಇರಲಿಲ್ಲ. ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು. ಹಾಗಾಗಿ ಪ್ರಶ್ನೆಗಳನ್ನೆಲ್ಲ ವಾರಕ್ಕೊಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಳ್ಳುತ್ತಿದ್ದೆ.

ಮೆಟ್, ಅಂದರೆ ಹವಾಮಾನದ ಪೇಪರ್, ನನಗೆ ಪುಸ್ತಕಕ್ಕಿಂತ ತೋಟದಲ್ಲೇ ಜಾಸ್ತಿ ಅರ್ಥವಾಯಿತು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಪುಸ್ತಕ ಇದೆ, ಇಂಚು ಸೆಂಟ್ ಲೆಕ್ಕದಲ್ಲಿ. ಭಾಗಮಂಡಲದಲ್ಲಿ ಸುರಿಯುವಾಗ ಕುಶಾಲನಗರದಲ್ಲಿ ಬಿಸಿಲು ಯಾಕೆ ಅಂತ ಕೊಡಗಿನ ಮಗುವಿಗೂ ಗೊತ್ತು. ಬೆಟ್ಟಕ್ಕೆ ತಾಗಿದ ಗಾಳಿ ಮೇಲೇರಿ ಒಂದೇ ಕಡೆ ಮಳೆ ಸುರಿಸುವುದು, ಓರೋಗ್ರಾಫಿಕ್ ಲಿಫ್ಟಿಂಗ್ ಅಂದರೆ ಅದೇ ಅಲ್ವಾ? ಒಂದು ಸಲ ಸುಮ್ನೆ ಒಂದು ಪ್ರಯೋಗ ಮಾಡಿದೆ. ನನ್ನ ಫೋನ್‌ನಲ್ಲಿ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಸೆನ್ಸರ್ ಇತ್ತು. ಮಡಿಕೇರಿಯಲ್ಲಿ ಮಂಗಳೂರು ಬಸ್ ಹತ್ತಿ, ಸಂಪಾಜೆ ಘಾಟಿ ಇಳಿಯುವಾಗ ತಿರುವಿಗೊಂದು ರೀಡಿಂಗ್ ಬರೆದುಕೊಂಡೆ. ಮೇಲೆ 880ರ ಆಸುಪಾಸು ಇದ್ದ ಹೆಕ್ಟೋಪಾಸ್ಕಲ್ ಕೆಳಗೆ ನೂರಕ್ಕೂ ಜಾಸ್ತಿ ಏರಿತು. ಹೆಕ್ಟೋಪಾಸ್ಕಲ್‌ಗೆ ಸುಮಾರು 30 ಅಡಿ ಅಂತ ಗುಣಿಸಿದರೆ ಘಾಟಿಯ ಎತ್ತರ ಹೆಚ್ಚುಕಮ್ಮಿ ಸರಿಯಾಗಿ ಬಂತು. ಕಂಡಕ್ಟರ್ ಏನಮ್ಮಾ ಅದು ಅಂತ ಕೇಳಿ, ಇಳಿಯುವವರೆಗೂ ಜೊತೆಗೆ ನಿಂತು ನೋಡಿದರು. ಗಾಳಿಯ ಒತ್ತಡದಿಂದ ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರ್‌ನ ಪ್ರಶ್ನೆ ಅವತ್ತಿನಿಂದ ನನಗೆ ತಪ್ಪಿಲ್ಲ. ಪರೀಕ್ಷೆಗೆ ಇಷ್ಟೆಲ್ಲ ಬೇಕಾಗಿಲ್ಲ, ನಿಜ. ಆದರೆ ಹಾಗೆ ಕಲಿತದ್ದು ಕಾಕ್‌ಪಿಟ್‌ನಲ್ಲೂ ಜೊತೆಗಿರುತ್ತದೆ.

ನ್ಯಾವಿಗೇಷನ್ ಮಾತ್ರ ತುಂಬ ಕಾಡಿಸಿತು. ಪಾಸ್ ಆಗುವುದಕ್ಕೆ 70 ಬೇಕು. 60ರ ಮೇಲೆ ಬಂದು ಬಂದು ನಿಲ್ಲುತ್ತಿತ್ತು. ಪ್ರತಿ ಸಲ ರಿಸಲ್ಟ್ ಬಂದಾಗ ಸಂಬಂಧಿಕರ ಫೋನ್: "ಡಿಗ್ರಿ ಕಾಲೇಜು ಸೇರಿಸಿ, ಹುಡುಗಿಯ ವರ್ಷ ಹಾಳಾಗುತ್ತಿದೆ." ನನಗೆ ಲೆಕ್ಕ ಬರುತ್ತಿತ್ತು, ಟೈಂ ಸಾಲುತ್ತಿರಲಿಲ್ಲ. ಆಮೇಲೆ ಪ್ರಶ್ನೆಗಳನ್ನು ಬಿಡಿಸುವ ಕ್ರಮವನ್ನೇ ಬದಲಿಸಿದೆ. ಮುಂದಿನ ಸೆಷನ್‌ನಲ್ಲಿ 80 ದಾಟಿತು. ಆ ಕ್ರಮ ಯಾವುದು ಅಂತ ಇಲ್ಲಿ ಬರೆಯಲ್ಲ. ಅದನ್ನು ಜೊತೆಗೆ ಕೂತೇ ಹೇಳಿಕೊಡಬೇಕು, ಓದಿದರೆ ಉಪಯೋಗವಿಲ್ಲ.

ಆರ್‌ಟಿಆರ್ ಆಗ ಟೆಲಿಕಾಂ ಇಲಾಖೆಯವರು ನಡೆಸುತ್ತಿದ್ದರು. ಮೈಕ್ ಮುಂದೆ ಕೂತರೆ ನನ್ನ ಗಂಟಲು ಕಟ್ಟುತ್ತಿತ್ತು. ಮೊದಲ ಸಲ ಹೋಯಿತು. ಆಮೇಲೆ ಅವ್ವನನ್ನೇ ಕಂಟ್ರೋಲರ್ ಮಾಡಿದೆ. ನಾನು ನೋಟ್‌ಬುಕ್‌ನಲ್ಲಿ ಟವರ್‌ನ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಅವ್ವ ಕಣದಲ್ಲಿ ಕಾಫಿ ಕೆದಕುತ್ತಾ, ಒಂದು ಕೈಯಲ್ಲಿ ಪುಸ್ತಕ ಹಿಡಿದು, "ವಿಕ್ಟರ್ ಟ್ಯಾಂಗೊ, ಡಿಸೆಂಡ್ ಟು ಫ್ಲೈಟ್ ಲೆವೆಲ್ ಏಯ್ಟ್ ಝೀರೋ" ಅಂತ ಓದುತ್ತಿದ್ದರು. ಕಣದ ಈ ತುದಿಯಿಂದ ನಾನು ಅದನ್ನೇ ತಿರುಗಿ ಹೇಳುವ ರೀಡ್‌ಬ್ಯಾಕ್. ತಪ್ಪಿದರೆ "ಸೇ ಅಗೇನ್" ಅನ್ನುವುದನ್ನೂ ಕಲಿತರು. ನಡುವೆ ಬೇಕು ಅಂತಲೇ ಫ್ರೀಕ್ವೆನ್ಸಿ ತಪ್ಪು ಹೇಳಿ ಪರೀಕ್ಷೆ ಮಾಡುತ್ತಿದ್ದರು. ನನ್ನ ಆರ್‌ಟಿಆರ್‌ನ ಅರ್ಧ ಅವ್ವನದ್ದು.

ಈಗ ದುಡ್ಡಿನ ವಿಷಯ. ಸೆಕ್ಯುರಿಟಿ ಇಲ್ಲದೆ ಬ್ಯಾಂಕ್ ಏಳೂವರೆ ಲಕ್ಷದ ಮೇಲೆ ಕೊಡಲಿಲ್ಲ. ತೋಟ ಅಡ ಇಡೋಣ ಅಂದರೆ ನಮ್ಮದು ಜಮ್ಮಾ, ಅಂದರೆ ಇಡೀ ಒಕ್ಕಕ್ಕೆ (ಕುಲದ ಕುಟುಂಬಕ್ಕೆ) ಸೇರಿದ ಭೂಮಿ. ಆರ್‌ಟಿಸಿಯಲ್ಲಿ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರು, ಜೊತೆಗೆ ಒಕ್ಕದ ಎಷ್ಟೋ ಜನ. ಮ್ಯಾನೇಜರ್ ಫೈಲ್ ಮುಚ್ಚಿಟ್ಟರು. ಇದು ಕೊಡಗಿನವರಿಗೆ ಮಾತ್ರ ಅರ್ಥವಾಗುವ ಕಷ್ಟ. ಪುಣ್ಯಕ್ಕೆ ಅವ್ವನ ಪಾಲಿಗೆ ಬಂದ, ಜಮ್ಮಾ ಅಲ್ಲದ ಸಾಗು ಗದ್ದೆ ಇತ್ತು, ಆರ್‌ಟಿಸಿ ಒಬ್ಬರದ್ದೇ ಹೆಸರಲ್ಲಿ. ಅದರ ಮೇಲೆ 35 ಲಕ್ಷದ ಎಜುಕೇಶನ್ ಲೋನ್ ಆಯಿತು. ಜಮ್ಮಾ ಇರುವವರು ಪಿಯುಸಿ ಸೇರುವಾಗಲೇ ದಾಖಲೆ ಕೆಲಸ ಶುರು ಮಾಡಿ. ಅದಕ್ಕೆ ಹಿಡಿಯುವ ಟೈಂನಲ್ಲಿ ಪೇಪರ್‌ಗಳೆಲ್ಲ ಮುಗಿಯುತ್ತವೆ.

ಮೊದಲ ಫ್ಲೈಯಿಂಗ್ ಸ್ಕೂಲ್ ನಮ್ಮನ್ನು ಹಿಂಡಿ ಹಾಕಿತು. ಮುಂಗಡ ಕಟ್ಟಿದರೆ ಡಿಸ್ಕೌಂಟ್ ಅಂದರು, 12 ಲಕ್ಷ ಕಟ್ಟಿಸಿಕೊಂಡರು. ಸೇರಿದಾಗ ಹ್ಯಾಂಗರ್ ತುಂಬ ವಿಮಾನ. ಹಾರುತ್ತಿದ್ದದ್ದು ಒಂದೇ. ಉಳಿದವು ಯಾವಾಗಲೂ ಮೇಂಟೆನೆನ್ಸ್‌ನಲ್ಲಿ. ಬೆಳಿಗ್ಗೆ ಬ್ರೀಫಿಂಗ್‌ಗೆ ಕೂತು, ಮಧ್ಯಾಹ್ನ ಮೆಸ್‌ನಲ್ಲಿ ಊಟ ಮಾಡಿ, ರೂಮಿಗೆ ವಾಪಸ್. ಸುಮಾರು ಒಂದು ವರ್ಷದಲ್ಲಿ ನನಗೆ ಸಿಕ್ಕಿದ್ದು 30 ಗಂಟೆಯ ಆಸುಪಾಸು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿದ್ದರಿಂದ ಅನುಭವ ಇದ್ದವರೇ ಕೆಲಸ ಹುಡುಕುತ್ತಿದ್ದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಎಲ್ಲ ಬಂದ್. ಊರಿಗೆ ಬಂದೆ. ಆ ಹೊತ್ತಿನಲ್ಲಿ ಇಗ್ನೋದ ಬಿಕಾಂ ಅಸೈನ್‌ಮೆಂಟ್ ಬರೆದೆ, ಕಾಳುಮೆಣಸು ಕುಯ್ಲಿಗೆ ನಿಂತೆ. ಸ್ಕೂಲಿನವರು ದುಡ್ಡು ವಾಪಸ್ ಕೊಡುವುದಕ್ಕೆ ತುಂಬ ಅಲೆದಾಡಿಸಿದರು. ಕೊನೆಗೂ 5 ಲಕ್ಷ ಬರಲೇ ಇಲ್ಲ.

ಎರಡನೇ ಸ್ಕೂಲನ್ನು ನಾನೇ ಹುಡುಕಿದೆ, ಮಳೆ ಕಮ್ಮಿ ಇರುವ ಬಯಲು ಸೀಮೆಯಲ್ಲಿ. ಮುಂಗೈ ತುಂಬ ಬಳೆ ಇದ್ದರೆ ಸಾಲದು, ಕೆಲಸ ಮಾಡುವ ಕೈ ಬೇಕು ಅಂತ ಅಜ್ಜಿ ಹೇಳುತ್ತಿದ್ದರು. ಹಾಗೆ ಎಷ್ಟು ವಿಮಾನ ಇದೆ ಅಂತ ಕೇಳಲಿಲ್ಲ, ಕಳೆದ ತಿಂಗಳು ಪ್ರತಿ ವಿಮಾನ ಎಷ್ಟು ಗಂಟೆ ಹಾರಿದೆ ಅಂತ ಕೇಳಿದೆ. ಇನ್‌ಸ್ಟ್ರಕ್ಟರ್ ಎಷ್ಟು ಜನ, ಅದರಲ್ಲಿ ರಜೆಯಲ್ಲಿ ಇರುವವರು ಎಷ್ಟು. ಹೇಳದೆ ಕೇಳದೆ ಸೋಮವಾರ ಬೆಳಿಗ್ಗೆ ಹೋಗಿ ಬೇಲಿಯ ಆಚೆ ನಿಂತು ಟೇಕಾಫ್ ಎಣಿಸಿದೆ. ಅಡ್ಮಿಷನ್ ಆಫೀಸಿಗೆ ಕೇಳುವ ಇನ್ನೊಂದು ಪ್ರಶ್ನೆ ಇದೆ. ಅದಕ್ಕೆ ಅವರು ಕೊಡುವ ಉತ್ತರದಲ್ಲೇ ಸ್ಕೂಲಿನ ಬಂಡವಾಳ ಗೊತ್ತಾಗುತ್ತದೆ. ಅದನ್ನು ಇಲ್ಲಿ ಹಾಕಿದರೆ ಎಲ್ಲರೂ ಉತ್ತರ ರೆಡಿ ಮಾಡಿಟ್ಟುಕೊಳ್ಳುತ್ತಾರೆ.

ದುಡ್ಡು 25 ಗಂಟೆಯ ಕಂತಿನಲ್ಲಿ ಮಾತ್ರ ಕಟ್ಟುತ್ತೇನೆ ಅಂದೆ. ಡಿಸ್ಕೌಂಟ್ ಬೇಡ ಅಂದೆ. ಗಂಟೆಗೆ 13-14 ಸಾವಿರ ಬಿತ್ತು. ಬ್ಯಾಂಕ್ ಕೂಡ ಕಂತಿನಲ್ಲೇ ಬಿಡುಗಡೆ ಮಾಡಿದ್ದರಿಂದ ಹಾರದ ಗಂಟೆಗೆ ಬಡ್ಡಿ ಬೀಳಲಿಲ್ಲ. ಇದರಲ್ಲಿ ಎಷ್ಟು ಉಳಿಯುತ್ತದೆ ಅಂತ ಯಾರೂ ಹೇಳಲ್ಲ. ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ನನ್ನದೇ ಆಗಿ) 100 ಗಂಟೆ, ರಾತ್ರಿ ಹಾರಾಟ, 300 ನಾಟಿಕಲ್ ಮೈಲಿಯ ಕ್ರಾಸ್ ಕಂಟ್ರಿ (ದೂರದ ಹಾರಾಟ) ಎಲ್ಲ ಅಲ್ಲೇ ಮುಗಿಯಿತು. ಮಲ್ಟಿ ಎಂಜಿನ್ ಮತ್ತು ಐಆರ್‌ಗೆ (ಹೊರಗೆ ಕಾಣದಿದ್ದರೂ ಮೀಟರ್ ನೋಡಿ ಹಾರಿಸುವ ತರಬೇತಿ) ಬೇರೆ ಕೊಟ್ಟೆ, ಗಂಟೆಗೆ ಸುಮಾರು ಮೂರು ಪಟ್ಟು. 2022ರ ಹೊತ್ತಿಗೆ ಸಿಪಿಎಲ್ ಕೈಗೆ ಬಂತು. ಪೇಪರ್‌ಗಳಿಗೆ ಐದು ವರ್ಷದ ವ್ಯಾಲಿಡಿಟಿ ಇದ್ದದ್ದು ಕೋವಿಡ್ ಕಾಲದಲ್ಲಿ ನನ್ನನ್ನು ಕಾಪಾಡಿತು.

ಆಮೇಲೆ ಕಾಯುವುದು. ಬಲ್ಯಪ್ಪ ಮತ್ತೆ ಕೇಳಿದರು, ಆ ಡಿಗ್ರಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೆಲಸ ಸಿಗುತ್ತಿತ್ತಲ್ಲಾ ಅಂತ. ನನ್ನ ಜೊತೆ ಕಾಯುತ್ತಿದ್ದವರಲ್ಲಿ ಆ ಡಿಗ್ರಿ ಇದ್ದವರೂ ಇದ್ದರು. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಆರ್ಡರ್ ಘೋಷಿಸಿತು, ಜೂನ್‌ನಲ್ಲಿ ಇಂಡಿಗೋ 500. ಗಾಳಿ ತಿರುಗಿತು ಅನಿಸಿ ಆಗಲೇ ಟೈಪ್ ರೇಟಿಂಗ್‌ಗೆ ಕೈ ಹಾಕಿದೆ, ಸುಮಾರು 15 ಲಕ್ಷ. ಲೋನ್ ಮುಗಿದಿತ್ತು. ಅಪ್ಪ ತೋಟದ ಹಳೇ ಸಿಲ್ವರ್ ಮರ ಕಡಿದು ಮಾರಿದರು. ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯೂ ಹೋಯಿತು. ಆ ನಷ್ಟ ಯಾವ ಬಿಲ್‌ನಲ್ಲೂ ಬರಲ್ಲ, ನನ್ನ ಲೆಕ್ಕದಲ್ಲಿ ಮಾತ್ರ ಬರೆದಿಟ್ಟಿದ್ದೇನೆ.

ಇಂಟರ್‌ವ್ಯೂನಲ್ಲಿ ಏರ್‌ಪೋರ್ಟ್‌ನ ಹವಾಮಾನ ವರದಿ ಮೆಟಾರ್ ಓದಿಸಿದರು. ಟೇಕಾಫ್ ನಿಲ್ಲಿಸುವುದಕ್ಕೆ ಆಗದ ವೇಗ, ವಿ1, ಆದ ಮೇಲೆ ಎಂಜಿನ್ ಹೋದರೆ ಏನು ಮಾಡುತ್ತೀಯ ಅಂತ ಕೇಳಿದರು. ಸಿಮ್ಯುಲೇಟರ್‌ನಲ್ಲಿ ಕೂರಿಸಿ ನೋಡಿದರು. ಡಿಗ್ರಿ ಯಾವ ಯೂನಿವರ್ಸಿಟಿಯದ್ದು ಅಂತ ಒಬ್ಬರೂ ಕೇಳಲಿಲ್ಲ. ಆದರೂ ಬಿಕಾಂ ಮಾಡಿದ್ದು ಒಳ್ಳೆಯದೇ ಆಯಿತು. ಪೈಲಟ್ ಕೆಲಸ ನಿಂತಿರುವುದು ಮೆಡಿಕಲ್ ಮೇಲೆ. ನಾಳೆ ಅನ್‌ಫಿಟ್ ಆದರೆ ಇನ್ನೊಂದು ದಾರಿ ಬೇಕು. ಅಂಥ ದಿನಕ್ಕೆ ಬಿಎಸ್ಸಿ ಏವಿಯೇಷನ್‌ಗಿಂತ ಬಿಕಾಂ ಜಾಸ್ತಿ ಕಡೆ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ, ಅಥವಾ ಅಮೆರಿಕದ ಪೌರತ್ವ ಇದ್ದರೆ, ಆ ಯೂನಿವರ್ಸಿಟಿಗೆ ಖಂಡಿತ ಹೋಗಿ. ವಿಮಾನ ವಿನ್ಯಾಸ ಮಾಡಬೇಕು ಅನ್ನುವವರ ಏರೋನಾಟಿಕಲ್ ಎಂಜಿನಿಯರಿಂಗ್ ಬೇರೆಯೇ ವಿಷಯ, ಅದನ್ನು ಇದರ ಜೊತೆ ಸೇರಿಸಬೇಡಿ.

ಈಗ ನನ್ನ ಇಎಂಐ ತಿಂಗಳಿಗೆ 50 ಸಾವಿರದ ಹತ್ತಿರ. ಸಂಬಳದಲ್ಲಿ ಆರಾಮಾಗಿ ಹೋಗುತ್ತದೆ. ಅದೇ 2 ಕೋಟಿಗೆ ಲೋನ್ ತೆಗೆದಿದ್ದರೆ, ಶೇಕಡಾ 11ರ ಬಡ್ಡಿಯಲ್ಲಿ ಹದಿನೈದು ವರ್ಷಕ್ಕೆ ಲೆಕ್ಕ ಹಾಕಿದರೂ ತಿಂಗಳಿಗೆ 2 ಲಕ್ಷದ ಮೇಲೆ ಕಟ್ಟಬೇಕಿತ್ತು. ಹೊಸ ಫಸ್ಟ್ ಆಫೀಸರ್‌ನ ಸಂಬಳ ಅದಕ್ಕೇ ಸರಿಹೋಗುತ್ತದೆ. ಆಮೇಲೆ ರೊಬಸ್ಟಾ ಚೀಲಕ್ಕೆ 10 ಸಾವಿರ ಮುಟ್ಟಿದ್ದು 2024ರಲ್ಲಿ. ಆ ಬೆಲೆ ಬರುತ್ತದೆ ಅಂತ 2018ರಲ್ಲಿ ಯಾರು ನಂಬಿ ಸಾಲ ಮಾಡುತ್ತಿದ್ದರು?

ಬಲ್ಯಪ್ಪನ ಮೊಮ್ಮಗ ಈಗ ಸೆಕೆಂಡ್ ಪಿಯುಸಿ. ಕಳೆದ ಸಲ ರಜೆಗೆ ಬಂದಾಗ ಬಲ್ಯಪ್ಪನೇ ಅವನನ್ನು ಕರೆದುಕೊಂಡು ಬಂದು, ಇವನಿಗೂ ಆ ಲೆಕ್ಕ ಹೇಳಿಕೊಡು ಅಂದರು. ಮೊದಲು ಮೆಡಿಕಲ್ ಮಾಡಿಸಿಕೊಂಡು ಬಾ ಅಂತ ಕಳಿಸಿದ್ದೇನೆ.